ಮಿಡಿಮಾವಿಗೆ ಕಟ್ಟಿಸಿದ ಕಟ್ಟೆ

ಪೆರಾಬೆಯಲ್ಲಿ ನಮ್ಮ ತೋಟದ ಬದಿಗೆ ಈಗಲೂ ಒಂದು ಕಟ್ಟೆ ಇದೆ. ಜನ ಅದರ ಮೇಲೆ ಕುಳಿತು ಬಸ್ಸು ಕಾಯುತ್ತಾರೆ. ಅದನ್ನು ಕಟ್ಟಿಸಿದವಳು ನಾನು. ನೋಡಿದಾಗಲೆಲ್ಲ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತದೆ.

ಅಲ್ಲಿ ಒಂದು ಮಿಡಿಮಾವಿನ ಮರವಿತ್ತು. ನನ್ನ ಅತ್ತೆಯ ಅತ್ತೆ ನೆಟ್ಟದ್ದಂತೆ. ನಮ್ಮ ತೋಟಕ್ಕೆ ದಾರಿ ಕೇಳಿದವರಿಗೆ ಊರವರು ಆ ಮರವನ್ನೇ ಗುರುತು ಹೇಳುತ್ತಿದ್ದರು. ಉಪ್ಪಿಗೆ ಹಾಕಿದ ಅದರ ಮಿಡಿ ಎರಡು ವರ್ಷ ಕಳೆದರೂ ಮೆತ್ತಗಾಗುತ್ತಿರಲಿಲ್ಲ. ಕೊಯ್ಯಲು ಈಶ್ವರಮಂಗಲದಿಂದ ಒಬ್ಬರು ಮುಸಲ್ಮಾನ ಬ್ಯಾರಿ ಬರುತ್ತಿದ್ದರು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ತೊಟ್ಟು ಸಮೇತ ಕೊಯ್ದು, ಒಂದನ್ನೂ ನೆಲಕ್ಕೆ ಬೀಳಿಸದೆ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಬಿದ್ದ ಮಿಡಿ ಒಂದೇ ಒಂದು ಸೇರಿದರೂ ಭರಣಿಯೇ ಹಾಳು. ಕೆಳಗೆ ನಿಂತು ಬುಟ್ಟಿ ಹಿಡಿಯುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಂಡಿನೋವು ಜೋರಾದ ವರ್ಷ ಮಾತ್ರ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಇನ್ನು ಮರ ನಿನ್ನದು ಮಾರಾಯ್ತಿ, ನೋಡಿಕೋ" ಎಂದರು.

ಎಪ್ಪತ್ತರ ದಶಕ ಮುಗಿಯುವಾಗ ಮಾರ್ಗ ಅಗಲ ಮಾಡುವ ಮಾತು ಬಂತು. ಮರ ಅಡ್ಡ, ಕಡಿಯಬೇಕು ಎಂದರು ಊರವರು. ನನ್ನ ಗಂಡನೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ಕಟ್ಟೆ ಇರುವ ಮರದಲ್ಲಿ ದೈವ ಇರುತ್ತದೆ ಎಂಬ ನಂಬಿಕೆ, ಅದಕ್ಕೆ ಕೊಡಲಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಎರಡೇ ವಾರದಲ್ಲಿ ಕೆಂಪು ಕಲ್ಲು ತರಿಸಿ, ಮರದ ಸುತ್ತ ಸೊಂಟಮಟ್ಟದ ಕಟ್ಟೆ ಕಟ್ಟಿಸಿ, ಒಳಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿದೆ. ಮಾರ್ಗ ಮರವನ್ನು ಬಳಸಿಕೊಂಡು ಹೋಯಿತು. ಗೆದ್ದೆ ಎಂದುಕೊಂಡೆ.

ಮುಂದಿನ ಸಲ ಕೊಯ್ಯಲು ಬಂದ ಕಾಕ ಕೂಡಲೇ ಹತ್ತಲಿಲ್ಲ. ಕಟ್ಟೆಗೆ ಒಂದು ಸುತ್ತು ಬಂದು, ಕಾಂಡವನ್ನು ತಟ್ಟಿ ನೋಡಿದರು.

"ಇದೆಂತ ಅಕ್ಕ, ಮರವನ್ನು ಕುತ್ತಿಗೆವರೆಗೆ ಹುಗಿದಿದ್ದೀರಲ್ಲ. ಬೇರಿಗೆ ಉಸಿರು ಬೇಡ್ವಾ? ಮಣ್ಣು ತೆಗೆಸಿ."

"ತೆಗೆಸಿದ್ರೆ ನಾಳೆಯೇ ಕಡಿತಾರೆ."

"ಹಾಗಾದ್ರೆ ಎರಡು ಕಡ್ಡಿ ಕೊಡಿ. ಕಸಿ ಕಟ್ಟಿ ಇಡ್ತೇನೆ. ಈ ಮರ ಹೋದ್ರೂ ಇದರ ಮಿಡಿ ಉಳೀತದೆ."

ಮರ ಸಾಯುತ್ತದೆ ಎಂದು ಮುಖಕ್ಕೇ ಹೇಳಿದರಲ್ಲ ಎಂದು ನನಗೆ ಎಲ್ಲಿಲ್ಲದ ಕೋಪ ಬಂತು. ನಿಜ ಹೇಳಬೇಕೆಂದರೆ, ನಮ್ಮ ಮಿಡಿ ಕಂಡಕಂಡವರ ಹಿತ್ತಿಲಲ್ಲಿ ಆಗುವುದೂ ನನಗೆ ಬೇಡವಾಗಿತ್ತು. "ಮಿಡಿ ಮಾತ್ರ ಕೊಯ್ಯಿರಿ. ಒಂದು ಕಡ್ಡಿಯನ್ನೂ ಮುಟ್ಟಬೇಡಿ" ಎಂದೆ. ಕಾಕ ಬುಟ್ಟಿ, ಹಗ್ಗ ತೆಗೆದುಕೊಂಡು ಮರ ಹತ್ತಿದರು.

ಇನ್ನೆರಡು ವರ್ಷ ಬಂದು ಕೊಯ್ದುಕೊಟ್ಟರು. ಆಮೇಲೆ ಮರ ಹೂ ಬಿಡಲಿಲ್ಲ. ತುದಿಯಿಂದ ಗೆಲ್ಲುಗಳು ಒಣಗತೊಡಗಿದವು. ಗಾಬರಿಯಾಗಿ ಸಿಮೆಂಟು ಒಡೆಸಿ ಮಣ್ಣು ತೆಗೆಸಿದರೆ, ಬುಡದ ತೊಗಟೆ ಕೊಳೆತು ಕೈಗೇ ಬಂತು. ಆ ಮಳೆಗಾಲ ಕಳೆಯುವಷ್ಟರಲ್ಲಿ ಮರ ಪೂರ್ತಿ ಸತ್ತಿತು. ಕಡಿದು ಸಾಗಿಸಿದ ಮೇಲೆ ಊರವರು ಕಟ್ಟೆಗೆ ಪುನಃ ಮಣ್ಣು ತುಂಬಿ, ಕೂರಲಿಕ್ಕೆ ಒಳ್ಳೆದಾಯಿತು ಎಂದರು.

ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಕಾಕನ ಹತ್ರ ಹೋಗಿ ಕೇಳು ಮಗಾ, ಒಂದು ಗಿಡ ಆದ್ರೂ ಮಾಡಿ ಇಟ್ಟಿರಬಹುದು" ಎಂದರು ಅಷ್ಟೇ.

ಎರಡು ಬಸ್ಸು ಬದಲಿಸಿ ಈಶ್ವರಮಂಗಲಕ್ಕೆ ಹೋದೆ. ಮರ ಹತ್ತುವುದನ್ನು ಬಿಟ್ಟಿದ್ದ ಕಾಕ ಜಗಲಿಯಲ್ಲಿ ಕುಳಿತಿದ್ದರು. ಕಸಿ ಗಿಡ ಉಂಟಾ ಎಂದು ಕೇಳಿದೆ.

"ನೀವು ಮುಟ್ಟಬೇಡಿ ಅಂದಿದ್ರಲ್ಲ ಅಕ್ಕ. ನಾನು ಮುಟ್ಟಲಿಲ್ಲ."

ನನ್ನ ಆ ಮಾತಿನ ನಂತರವೂ ಮೂರು ಸಲ ಅದೇ ಮರದ ತುದಿಯವರೆಗೆ ಹತ್ತಿ ಇಳಿದ ಮನುಷ್ಯ. ಅಲ್ಲಿ ಒಂದು ಕಡ್ಡಿ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಬುಟ್ಟಿ ಹಿಡಿದು ನಿಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕದಿಯಬಾರದಿತ್ತಾ ಕಾಕ ಎಂದು ಅವರ ಜಗಲಿಯಲ್ಲಿಯೇ ಅತ್ತುಬಿಟ್ಟೆ.

ಮನೆಗೆ ಬಂದಾಗ ಅತ್ತೆ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಖಾಲಿ ಕೈ ನೋಡಿದರು. ಗೋಡೆಯ ಕಡೆಗೆ ತಿರುಗಿಕೊಂಡರು.