ಕಾರವಾರದ ಮೇಲೆ ಹಾರಿದವಳು

ಸಂಧ್ಯಾ, ಕಾರವಾರದ ಗುಡ್ಡದ ಮೇಲಿಂದ ಹಾರಿದವನು ನಾನಲ್ಲ. ಹಾರಿದವಳು ನಿನ್ನ ಅಮ್ಮ.

ಇಷ್ಟನ್ನು ಬರೆಯಲು ಒಬ್ಬ ಗಂಡಸಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೇ ಹೇಸಿಗೆಯಾಗುತ್ತದೆ. ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಎಸ್.ಟಿ.ಡಿ. ಬೂತಿನ ಗೋಡೆಯ ಮೇಲಿದ್ದ ಫೋಟೋ ನಿನಗೆ ನೆನಪಿದೆ — ಕೆಂಪು ಹಳದಿ ರೆಕ್ಕೆಯ ಕೆಳಗೆ ಇಬ್ಬರು, ಹಿಂದೆ ಪೈಲಟ್, ಮುಂದೆ ಹೆಲ್ಮೆಟ್ ಹಾಕಿಕೊಂಡು ಕಾಲು ಚಾಚಿದ ನಿನ್ನ ಸೋದರಮಾವ. ಅದರಲ್ಲಿರುವ ಕಂದು ಪ್ಯಾಂಟು ನನ್ನದು. ಚೌಕಳಿ ಶರ್ಟೂ ನನ್ನದು, ಬೂಟೂ ನನ್ನದೇ. ಒಳಗಿರುವ ಮನುಷ್ಯ ಮಾತ್ರ ನಾನಲ್ಲ.

ನಿನ್ನ ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನೀನು ಎರಡನೆಯದೋ ಮೂರನೆಯದೋ ಕ್ಲಾಸು. ಅಪ್ಪನ ಮಾಸ್ತರಿಕೆಯ ಸಂಬಂಧ ಯಾವುದೋ ಕೆಲಸಕ್ಕೆ ಅಕ್ಕ ಜಿಲ್ಲಾ ಕಚೇರಿಗೆ ಖುದ್ದಾಗಿ ಬರಬೇಕೆಂದು ಕರೆ ಬಂದಿತ್ತು. ಸಿದ್ದಾಪುರದ ಮನೆಯಲ್ಲಿ ನಿನ್ನ ದೊಡ್ಡಪ್ಪ, ಹೆಂಗಸು ಒಬ್ಬಳೇ ಅಷ್ಟು ದೂರ ಹೋಗುವುದು ಬೇಡವೆಂದು ನನ್ನನ್ನು ಜೊತೆಗೆ ಕಳಿಸಿದರು. ನಮ್ಮಲ್ಲಿ ವರ್ಷಾಂತ ಮುಗಿಯುವವರೆಗೆ ಹೇಗೆಂದು ನಿನಗೆ ಗೊತ್ತಲ್ಲ — ಮದುವೆಯಿಲ್ಲ, ಹಬ್ಬವಿಲ್ಲ, ಯಾರ ಮನೆಯ ಸಂತೋಷಕ್ಕೂ ಹೋಗುವಂತಿಲ್ಲ. ತಿಂಗಳು ತಿಂಗಳು ಮಾಸಿಕ, ಮತ್ತೆ ಅಡುಗೆಮನೆ. ಅಕ್ಕ ಆ ವರ್ಷ ಬಸ್ಸು ಹತ್ತಿದ್ದೇ ಅದೊಂದು ಸಲ.

ಕಚೇರಿಯಲ್ಲಿ ಸಾಹೇಬರು ಇರಲಿಲ್ಲ, ನಾಳೆ ಬನ್ನಿ ಎಂದರು. ಮಧ್ಯಾಹ್ನವೆಲ್ಲ ಖಾಲಿ. ಸಮುದ್ರದ ಕಡೆ ಹೋದರೆ ಆಕಾಶದಲ್ಲಿ ಜನ ತೇಲುತ್ತಿದ್ದರು. ಮಹಾರಾಷ್ಟ್ರದ ಕಡೆಯ ಒಂದು ಪ್ಯಾರಾಗ್ಲೈಡಿಂಗ್ ತಂಡ ಕೆಲವು ದಿನಕ್ಕೆಂದು ಬಂದು, ಊರ ಬೆನ್ನಿಗಿರುವ ಗುಡ್ಡದ ಮೇಲೆ ಬಿಡಾರ ಹೂಡಿತ್ತು. ಪೈಲಟ್ ನಮ್ಮನ್ನು ತನ್ನ ಮುಂದೆ ಕಟ್ಟಿಕೊಂಡು ಹಾರುತ್ತಾನೆ, ಊರಿನ ಮೇಲೆ ಒಂದು ಸುತ್ತು ಹಾಕಿಸಿ ಮರಳ ದಂಡೆಗೆ ಇಳಿಸುತ್ತಾನೆ. ನಾನು ಕೂಡಲೇ ಹೆಸರು ಬರೆಸಿದೆ. ಹುಂಬತನ ನನಗೆ ಮೊದಲಿನಿಂದಲೂ ಜಾಸ್ತಿ. ಅಕ್ಕನ ಮುಂದೆ ಇನ್ನೂ ಸ್ವಲ್ಪ ಜಾಸ್ತಿ. ದಾರಿಯುದ್ದಕ್ಕೂ ಜೀಪಿನಲ್ಲಿ, ಹೆದರುವವರನ್ನು ಇವರು ಯಾಕೆ ಹತ್ತಿಸಿಕೊಳ್ಳುತ್ತಾರೋ ಎಂದು ಕೊಚ್ಚುತ್ತಿದ್ದೆ. ಅಕ್ಕ ಚೀಲ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು.

ಗುಡ್ಡದ ಮೇಲೆ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಪೈಲಟ್ ಹರಕು ಹಿಂದಿಯಲ್ಲಿ ಹೇಳಿದ್ದು ಒಂದೇ ಮಾತು. ಓಡಬೇಕು. ನೆಲ ತಾನಾಗಿ ಕಾಲನ್ನು ಬಿಟ್ಟುಹೋಗುವವರೆಗೆ ಓಡುತ್ತಲೇ ಇರಬೇಕು. ನಡುವೆ ಕೂತರೆ ಇಬ್ಬರೂ ಉರುಳುತ್ತೇವೆ.

ನಾನು ಕೂತೆ.

ನಾಲ್ಕು ಹೆಜ್ಜೆ ಓಡಿದ್ದೆನೋ ಏನೋ — ಇಳಿಜಾರಿನ ಅಂಚು ಕಂಡಿತು, ಅದರಾಚೆ ಏನೂ ಕಾಣಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಮುಗ್ಗರಿಸಿದೆವು. ಪೈಲಟ್ ಮರಾಠಿಯಲ್ಲಿ ಏನೋ ಬೈದ. ಎರಡನೇ ಸಲ ಓಡುವ ಮೊದಲೇ ಕೂತುಬಿಟ್ಟೆ. ಗಾಳಿ ಈಗ ಸರಿಯಿದೆ, ಇನ್ನು ಸ್ವಲ್ಪ ಹೊತ್ತಿಗೆ ಇರುವುದಿಲ್ಲ, ಬೇಗ ಹೇಳು ಎಂದು ಅವರು ಅವಸರ ಮಾಡುತ್ತಿದ್ದರು. ನಾನು ಹೊಟ್ಟೆ ಸರಿಯಿಲ್ಲವೆಂದೆ. ಎಲ್ಲರಿಗೂ ಅರ್ಥವಾಗಿತ್ತು.

ಆಗ ಅಕ್ಕ ಕಲ್ಲಿನ ಮೇಲಿಂದ ಎದ್ದು ಬಂದು ಹೇಳಿದಳು, "ತಮಾ, ನೀ ಬಿಡು. ಆನು ಹೋಗ್ತೆ."

ನನ್ನ ಬದಲು ತಾನು ಹಾರುತ್ತಾಳಂತೆ! ತಮಾಷೆಯೆಂದುಕೊಂಡೆ. ಅವಳ ಮುಖ ನೋಡಿದರೆ ತಮಾಷೆಯಲ್ಲ. ತಂಡದವರು ಸೀರೆ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದರು. ಸೀರೆ ಕಾಲಿಗೆ ಸಿಕ್ಕಿದರೆ ಓಡುವುದು ಹೇಗೆ? ರಾತ್ರಿ ಉಳಿಯಬೇಕಾದೀತೆಂದು ಚೀಲದಲ್ಲಿ ನನ್ನ ಲುಂಗಿ ಇತ್ತು. ನಾನು ಲುಂಗಿ ಉಟ್ಟು ಪ್ಯಾಂಟು, ಶರ್ಟು, ಬೂಟು ಕೊಟ್ಟೆ. ಅಕ್ಕ ಜೀಪಿನ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಬೂಟು ದೊಡ್ಡದಾಯಿತೆಂದು ಕರವಸ್ತ್ರ ತುರುಕಿಕೊಂಡಿದ್ದಳು. ಬನಿಯನ್, ಲುಂಗಿಯಲ್ಲಿ ನಿಂತ ನನ್ನನ್ನು ನೋಡಿ ಅಲ್ಲಿದ್ದವರೆಲ್ಲ ನಕ್ಕರು. ನಾನು ಜೀಪಿನ ಮರೆಗೆ ಸರಿದೆ.

ಅವಳು ಓಡಿದಳು, ಸಂಧ್ಯಾ. ತಡವರಿಸಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ಓಡುತ್ತ ಓಡುತ್ತ ಗುಡ್ಡ ಮುಗಿಯಿತು, ಅವಳ ಓಟ ಮಾತ್ರ ಮುಗಿಯಲಿಲ್ಲ — ಗಾಳಿಯಲ್ಲೂ ಎರಡು ಹೆಜ್ಜೆ ಕಾಲು ಬಡಿಯುತ್ತಿದ್ದಳು. ನನಗೆ ಆಗ ಹೆಮ್ಮೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಇದನ್ನು ಬಚ್ಚಿಟ್ಟರೆ ಉಳಿದದ್ದನ್ನು ಹೇಳಿ ಏನೂ ಪ್ರಯೋಜನವಿಲ್ಲ.

ಜೀಪಿನಲ್ಲಿ ಕೆಳಗೆ ಬರುವಷ್ಟರಲ್ಲಿ ಅವಳು ಮರಳಿನ ಮೇಲೆ ಕೂತು ಎಡಗಾಲಿನ ಹರಡು ತಿಕ್ಕಿಕೊಳ್ಳುತ್ತಿದ್ದಳು. ಇಳಿಯುವಾಗ ಹೆಜ್ಜೆ ತಪ್ಪಿ ಕಾಲು ಉಳುಕಿತ್ತು. ಉಳುಕಿದ ಕಾಲು ಹಿಡಿದುಕೊಂಡು ನಗುತ್ತಿದ್ದಳು. ನಿನ್ನ ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನ ಕಚೇರಿ ಕೆಲಸ ಮುಗಿಸಿ ಬಸ್ಸು ಹತ್ತಿದೆವು. ದೇವಿಮನೆ ಘಟ್ಟ ಹತ್ತಿ ಮುಗಿಯುವವರೆಗೂ ಅವಳು ತಗ್ಗಿದ ದನಿಯಲ್ಲಿ ಹೇಳುತ್ತಲೇ ಇದ್ದಳು. ಕಾಳಿ ನದಿಯ ನೀರು ಸಮುದ್ರಕ್ಕೆ ಸೇರಿದ ಮೇಲೂ ಬಹಳ ದೂರದವರೆಗೆ ಬೇರೆ ಬಣ್ಣದಲ್ಲೇ ಇರುತ್ತದಂತೆ. ರೆಕ್ಕೆಯ ನೆರಳು ಊರಿನ ಹಂಚಿನ ಮೇಲೆಲ್ಲ ಓಡುತ್ತ ಬಂದು ಒಮ್ಮೆಲೇ ನೀರಿಗೆ ಇಳಿಯಿತಂತೆ. ಅಷ್ಟು ಮೇಲಿದ್ದರೂ ಯಾವುದೋ ಮನೆಯ ಕುಕ್ಕರಿನ ಸೀಟಿ ಕೇಳಿಸಿತಂತೆ — ಯಾರೋ ಅಡುಗೆ ಮಾಡುತ್ತಿದ್ದಾರೆ, ಆನು ಮಾಡ್ತಾ ಇಲ್ಲೆ ಅನ್ನಿಸಿತಂತೆ. ಹೆದರಿಕೆಯಾದದ್ದು ಬೀಳುತ್ತೇನೆಂದಲ್ಲವಂತೆ, ಮುಗಿದುಹೋಗುತ್ತದಲ್ಲ ಎಂದು.

ಶಿರಸಿ ಹತ್ತಿರ ಬಂದಾಗ ಹೇಳಿದಳು, "ಮನೇಲಿ ಈಗ್ಲೇ ಹೇಳಡ ತಮಾ. ವರ್ಷಾಂತ ಮುಗಿಲಿ. ಆಮೇಲೆ ಆನೇ ಹೇಳ್ತೆ."

ಅವಳು ಕೇಳಿದ್ದು ಇಷ್ಟೇ. ಸುಮ್ಮನಿರು ಎಂದು. ಕಾಲಿಗೇನಾಯಿತೆಂದು ಸಿದ್ದಾಪುರದಲ್ಲಿ ಕೇಳಿದ್ದಕ್ಕೆ ಕಚೇರಿಯ ಮೆಟ್ಟಿಲಲ್ಲಿ ಜಾರಿದೆ ಎಂದಳು. ಅದು ಅವಳ ಸುಳ್ಳು, ತನ್ನನ್ನು ಕಾಯ್ದುಕೊಳ್ಳುವ ಸಣ್ಣ ಸುಳ್ಳು. ನನ್ನದು ಹಾಗಲ್ಲ.

ತಂಡದವರು ತೆಗೆದ ಫೋಟೋ, ಹೆಸರು ಬರೆಸಿದವನು ನಾನೇ ಆದ್ದರಿಂದ, ಅಂಚೆಯಲ್ಲಿ ಬೂತಿಗೆ ಬಂತು. ಲೈನು ಸಿಗಲೆಂದು ಕಾಯುತ್ತಿದ್ದ ಗಿರಾಕಿಯೊಬ್ಬರು ಬಗ್ಗಿ ನೋಡಿ, ಇದು ನೀನಾ ಮಾರಾಯಾ ಎಂದರು. ಅಲ್ಲ ಎನ್ನಬಹುದಿತ್ತು. ಯಾರೋ ಎನ್ನಬಹುದಿತ್ತು. ನಾನು ತಲೆಯಾಡಿಸಿದೆ. ಅವರು ಕಣ್ಣರಳಿಸಿದ ರೀತಿ — ಅದರ ರುಚಿ ಹತ್ತಿತು. ಹೇಗಿತ್ತು ಮೇಲೆ ಎಂದು ಕೇಳಿದರು. ನನ್ನ ಹತ್ತಿರ ಹೇಳಲು ಏನಿತ್ತು? ಹುಲ್ಲಿನ ಮೇಲೆ ಕೂತದ್ದು ಬಿಟ್ಟರೆ ಏನೂ ಇರಲಿಲ್ಲ. ಕಾಳಿ ನದಿಯ ಎರಡು ಬಣ್ಣ ಹೇಳಿದೆ. ಹಂಚಿನ ಮೇಲೆ ಓಡಿದ ನೆರಳು ಹೇಳಿದೆ. ಕುಕ್ಕರಿನ ಸೀಟಿಯನ್ನೂ ಬಿಡಲಿಲ್ಲ.

ವರ್ಷಾಂತ ಮುಗಿಯುವಷ್ಟರಲ್ಲಿ ಶಿರಸಿ ಪೇಟೆಯಲ್ಲಿ ಅರ್ಧ ಜನಕ್ಕೆ ನಾನು ಹಾರಿದವನಾಗಿದ್ದೆ. ಯುವಕ ಸಂಘದವರು ಕರೆದು ಶಾಲು ಹೊದೆಸಿ ಮಾತಾಡಿಸಿದರು. ಅಕ್ಕ ಇನ್ನು ಬಾಯಿ ಬಿಟ್ಟರೆ ತಮ್ಮ ಊರೆದುರು ಸುಳ್ಳನಾಗುತ್ತಾನೆ — ಅದು ಅವಳಿಗೂ ಗೊತ್ತಿತ್ತು, ಅವಳು ಬಾಯಿ ಬಿಡುವುದಿಲ್ಲವೆಂದು ನನಗೂ ಗೊತ್ತಿತ್ತು. ಫೋಟೋ ಮೊದಲ ಸಲ ಗೋಡೆಯ ಮೇಲೆ ನೋಡಿದ ದಿನ ಅವಳು ಆ ಬೂಟು ಇನ್ನೂ ಇದೆಯಾ ಎಂದು ಕೇಳಿದಳು, ಅಷ್ಟೇ. ಅಷ್ಟಕ್ಕೂ ನಿಲ್ಲಲಿಲ್ಲ ನನ್ನ ನಾಲಿಗೆ. ಒಂದು ಊಟದ ಪಂಕ್ತಿಯಲ್ಲಿ, ಅವಳು ಬಡಿಸುತ್ತಿರುವಾಗಲೇ, ಆಕಾಶದಿಂದ ಬಿದ್ದ ನನಗೆ ಗೀರೂ ಆಗಲಿಲ್ಲ, ಕಚೇರಿ ಮೆಟ್ಟಿಲಿಳಿದ ನಮ್ಮಕ್ಕ ಕಾಲು ಮುರಿದುಕೊಂಡು ಬಂದಳು ಎಂದು ನಗಿಸಿದೆ. ಅವಳ ಕಾಲು ಪೂರ್ತಿ ಸರಿಯಾಗಲೇ ಇಲ್ಲ. ಚಳಿಗಾಲದಲ್ಲಿ ಈಗಲೂ ಎಡಗಾಲು ಎಳೆಯುತ್ತಾಳೆ.

ಇಲ್ಲಿಯವರೆಗಿನದು ಜಂಭ. ಮುಂದಿನದಕ್ಕೆ ಬೇರೆ ಹೆಸರು ಬೇಕು.

ನೀನು ಕಾಲೇಜಿಗೆ ಸೇರಿ ಎನ್.ಸಿ.ಸಿ.ಯಲ್ಲಿದ್ದೆ. ಹಿಮಾಲಯದಲ್ಲಿ ಪರ್ವತ ಹತ್ತುವ ತರಬೇತಿಗೆ ನಿನ್ನನ್ನು ಆರಿಸಿದ್ದರು. ನಿನ್ನ ಅಪ್ಪನ ಶ್ರಾದ್ಧದ ದಿನ, ಊಟವಾದ ಮೇಲೆ, ಸಿದ್ದಾಪುರದ ಮನೆಯ ಜಗುಲಿಯಲ್ಲಿ ಆ ಮಾತು ಬಂತು. ಮನೆಯಲ್ಲಿ ಒಪ್ಪಿಗೆ ಬೇಕಿತ್ತು. ನಿನ್ನ ದೊಡ್ಡಪ್ಪ ಕೆಟ್ಟವರಲ್ಲ. ತಮ್ಮನ ಮಗಳಿಗೆ ಏನಾದರೂ ಆದರೆ ಎಂಬ ಅಂಜಿಕೆ. ಆದರೆ ಅಂಜಿಕೆಯನ್ನು ನೇರ ಹೇಳುವ ಅಭ್ಯಾಸ ಅವರಿಗಿಲ್ಲ. "ನಿನ್ನ ಅಮ್ಮಂಗೆ ಕಚೇರಿ ಮೆಟ್ಲು ಇಳಿಯಲೆ ಬತ್ತಿಲ್ಲೆ. ನೀ ಹಿಮಾಲಯ ಹತ್ತತ್ಯ?" ಎಂದರು. ಅದು ನನ್ನದೇ ಜೋಕು. ನಾನೇ ಆ ಮನೆಗೆ ಕೊಟ್ಟದ್ದು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ನಿನ್ನ ದೊಡ್ಡಪ್ಪನ ಎದುರು ದನಿಯೆತ್ತಿದವಳಲ್ಲ. ಅಂದು ಜಗುಲಿಗೆ ಬಂದು ಹೇಳಿದಳು, "ಆನು ಮೆಟ್ಲಲ್ಲಿ ಬಿದ್ದಿದ್ದಲ್ಲ. ಕಾರವಾರದಲ್ಲಿ ಹಾರಿದ್ದು ಆನು. ಎಂತದೂ ಆಗ್ತಿಲ್ಲೆ, ಕೂಸು ಹೋಗ್ಲಿ. ಬೇಕಾರೆ ತಮ್ಮನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ನೀನೂ ತಿರುಗಿದೆ. ಆಗ ನಿನ್ನ ಮುಖದಲ್ಲಿದ್ದದ್ದು ಆಸೆ — ಅದನ್ನು ನಾನು ಚೆನ್ನಾಗಿ ನೋಡಿದೆ, ಕಾಣಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ದಿನ ಜನ ನಗುತ್ತಿದ್ದರು, ಫೋಟೋ ಇಳಿಸಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚು ನನಗೇನೂ ಆಗುತ್ತಿರಲಿಲ್ಲ.

ನಾನು ನಕ್ಕು ಹೇಳಿದೆ, "ಅಕ್ಕಂಗೆ ಯನ್ನ ಕಥೆ ಕೇಳಿ ಕೇಳಿ ತಾನೇ ಹಾರಿದಂಗೆ ಆಗೋಯ್ದು."

ಜಗುಲಿಯೆಲ್ಲ ನಕ್ಕಿತು. ಅಕ್ಕ ನನ್ನನ್ನು ನೋಡಿದಳು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಗುಡ್ಡದ ಮೇಲೆ ನಾನು ಹುಲ್ಲಿನಲ್ಲಿ ಕೂತಾಗ ಹೇಗೆ ನೋಡಿದ್ದಳೋ ಹಾಗೆಯೇ ನೋಡಿದಳು — ಪಾಪ, ಇವನಿಗೆ ಆಗುವುದಿಲ್ಲ ಎಂಬಂತೆ. "ಹೌದಾಗಿಕ್ಕು" ಎಂದಳು, ಇದ್ದರೂ ಇದ್ದೀತೆಂದು ಒಪ್ಪುವ ಹಾಗೆ. ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಿನ್ನ ಬದಲು ಬೇರೆ ಯಾವುದೋ ಹುಡುಗಿ ಹಿಮಾಲಯಕ್ಕೆ ಹೋದಳು. ಆದರೆ ಸಂಧ್ಯಾ, ನನ್ನನ್ನು ತಿನ್ನುತ್ತಿರುವುದು ಅದೊಂದೇ ಅಲ್ಲ. ಆ ದಿನದಿಂದ ನೀನು ಅಮ್ಮನ ಮಾತಿಗೆ ಒಂದು ಸಣ್ಣ ನಗೆ ನಗಲು ಶುರು ಮಾಡಿದೆ. ಅವಳು ಏನಾದರೂ ಹಳೆಯದನ್ನು ಹೇಳಿದರೆ — ಅಪ್ಪನ ವಿಷಯವೇ ಇರಲಿ, ನೀನು ಹುಟ್ಟಿದ ವಿಷಯವೇ ಇರಲಿ — ನನ್ನ ಕಡೆ ತಿರುಗಿ, "ಹೌದನಾ ಮಾವಾ?" ಎಂದು ಕೇಳುತ್ತೀಯ. ಅವಳ ಎದುರಿಗೇ ಕೇಳುತ್ತೀಯ. ನಾನು ಹೌದೆಂದ ಮೇಲೆ ನಂಬುತ್ತೀಯ. ತಾಯಿಯ ಮಾತಿಗೆ ನನ್ನ ಸಾಕ್ಷಿ! ನಿನಗೆ ಆ ಅಭ್ಯಾಸ ಹಚ್ಚಿದವನು ನಾನು.

ಮೊಬೈಲು ಬಂದು ಬೂತು ಮುಚ್ಚಿತು. ಫೋಟೋ ಗೋಡೆಯಿಂದ ಇಳಿಯಿತು, ಕಥೆ ಇಳಿಯಲಿಲ್ಲ. ಮೊನ್ನೆ ಮದುವೆಯಾದ ನೀನು ಗಂಡನನ್ನು ಸಿದ್ದಾಪುರದ ಮನೆಗೆ ಕರೆದುಕೊಂಡು ಬಂದಾಗ, ನಮ್ಮ ಪೈಕಿ ಆಕಾಶ ನೋಡಿ ಬಂದವರು ಮಾವ ಒಬ್ಬರೇ ಎಂದು ನನ್ನ ಪರಿಚಯ ಹೇಳಿದೆ. ಕಾಳಿ ನದಿಯ ನೀರು, ಕುಕ್ಕರಿನ ಸೀಟಿ, ಎಲ್ಲವನ್ನೂ ನೀನೇ ವರ್ಣಿಸಿದೆ. ಅಕ್ಕ ಅಲ್ಲೇ ಚಹಾ ಕೊಡುತ್ತಿದ್ದಳು. ನಿನ್ನ ಗಂಡನ ಬಟ್ಟಲಿಗೆ ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳಿದಳು.

ನೀವು ಹೋದ ಮೇಲೆ ಅಡುಗೆಮನೆಗೆ ಹೋಗಿ, ಸಂಧ್ಯಾಳಿಗೆ ನಿಜ ಹೇಳುತ್ತೇನೆ ಎಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಈಗ ಎಂತಕ್ಕೆ ಎಂದಳು. ಇನ್ನೊಂದು ಪಾತ್ರೆ ತೊಳೆದಿಟ್ಟು, ಜನ ಕೇಳಿದಾಗೆಲ್ಲ ಮೇಲೆ ಹೇಗಿತ್ತೆಂದು ಹೇಳುತ್ತಿದ್ದೆಯಲ್ಲ, ಎಲ್ಲವನ್ನೂ ಹೇಳಿಬಿಟ್ಟಿದ್ದೀಯಾ ಎಂದು ಕೇಳಿದಳು. ಅಕ್ಕಾ, ಬಸ್ಸಿನಲ್ಲಿ ನೀನು ಹೇಳಿದ್ದನ್ನೆಲ್ಲ ಹೇಳಿದ್ದೇನೆ, ಒಂದನ್ನೂ ಬಿಟ್ಟಿಲ್ಲ ಎಂದೆ. ಅವಳು ನಲ್ಲಿ ನಿಲ್ಲಿಸಿದಳು.

"ಹಂಗಾರೆ ಯಂಗೆ ಹೇಳಲೆ ಎಂತದೂ ಉಳದ್ದಿಲ್ಲೆ" ಎಂದಳು.

ತನ್ನದೆಂದು ಹೇಳಿಕೊಳ್ಳಲು ಅವಳಿಗೆ ನಾನು ಒಂದು ಮಾತನ್ನೂ ಉಳಿಸಿರಲಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ಜಗುಲಿಯಲ್ಲಿ ಯಾರ ಎದುರು ಆ ಮಾತು ಆಡಿದೆನೋ, ಅವರಲ್ಲಿ ಉಳಿದವರ ಮನೆಗೆಲ್ಲ ಹೋಗಿ ನಾನೇ ಹೇಳಿ ಬರುತ್ತೇನೆ. ನಿನ್ನ ದೊಡ್ಡಪ್ಪನಿಂದ ಶುರು. ನಿನ್ನ ಹತ್ತಿರ ಬೇಡುವುದು ಒಂದೇ. ಅಮ್ಮನ ಹತ್ತಿರ ಹೋಗು. ಮೇಲೆ ಹೇಗಿತ್ತು ಎಂದು ಕೇಳು. ಅವಳು ಹೇಳುವ ಒಂದೊಂದು ಮಾತೂ ನಿನಗೆ ಬಾಯಿಪಾಠ ಬರುತ್ತದೆ, ಗೊತ್ತು. ಆದರೂ ಗೊತ್ತಿದೆ ಎನ್ನಬೇಡ. ನನ್ನ ಕಡೆ ತಿರುಗಬೇಡ. ಮೊದಲ ಸಲ ಕೇಳುವ ಹಾಗೆ ಕೇಳು.