ಮೊದಲು ತಿನ್ನು

ನಾವು ಒಲೆ, ಹಾಸಿಗೆಯಿರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದದ್ದು ಸಮುದ್ರ ನೋಡುವ ಆಸೆಗಲ್ಲ, ಅನ್ನ ಸಾರಿನ ಆಸೆಗೆ. ಹಿಂದಿನ ವರ್ಷ ಸ್ಪೇನಿನ ಹೋಟೆಲುಗಳಲ್ಲಿ ವಾರವಿಡೀ ಟೊಮ್ಯಾಟೊ ಸವರಿದ ಬ್ರೆಡ್ಡು ತಿಂದು, ‘ಇದು ಸಸ್ಯಾಹಾರ’ ಎಂದು ತಂದಿಟ್ಟ ತಟ್ಟೆಗಳಲ್ಲೆಲ್ಲ ಮೀನಿನ ತುಣುಕು ಹುಡುಕಿ ಸಾಕಾಗಿ ಹೋಗಿತ್ತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಮನೆಗೆ ಮರಳಿದ ದಿನವೇ ಹೇಳಿಬಿಟ್ಟಿದ್ದೆ, ಇನ್ನು ರಜೆಗೆ ಹೋಗುವುದಾದರೆ ಒಲೆಯೂ ನಮ್ಮ ಜೊತೆ ಬರಬೇಕು ಎಂದು. ಹಾಗಾಗಿ ಈ ವರ್ಷ ಬರ್ಮಿಂಗ್‌ಹ್ಯಾಮಿನಿಂದ ಪೋರ್ಚುಗಲ್‌ಗೆ ಹಾರುವಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ರವೆ, ಸಾರಿನ ಪುಡಿ ಮತ್ತು ಪುಟ್ಟ ಕುಕ್ಕರ್ ಇದ್ದವು.

ಮಗ ಯೂನಿವರ್ಸಿಟಿಗೆ ಹೋದ ಮೇಲೆ ನಾವಿಬ್ಬರೇ ಹೊರಟ ಮೊದಲ ಪ್ರವಾಸ ಅದು. ಇವರು ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರು. ಯಾರ ಯಾರ ಕಾಲೋ ಹಿಡಿದು ಡ್ಯೂಟಿಯ ರೋಟಾ ಬದಲಿಸಿಕೊಂಡು ರಜೆ ಗಿಟ್ಟಿಸಿದ್ದರು. ನಾನು ಲೆಮಿಂಗ್ಟನ್ನಿನ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ ತಪ್ಪು ಹುಡುಕುವವಳು. ಹುಡುಗರು ಮಾಡಿದ ಆಟವನ್ನು ಆಡಿ ಆಡಿ, ಎಲ್ಲಿ ಕೆಡುತ್ತದೆಂದು ಹೇಳುವುದೇ ನನ್ನ ಕೆಲಸ. ಮನೆಗೆ ಬಂದರೂ ಅದೇ ಕೆಲಸ ಮುಂದುವರಿಸುತ್ತೇನೆಂದು ಇವರ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ.

ಹೊರಡುವಾಗ ನನ್ನ ಮನಸ್ಸು ಮಾತ್ರ ಮೈಸೂರಿನಲ್ಲಿತ್ತು. ಅಲ್ಲಿ ಅಕ್ಕನಿಗೆ ಕಿಡ್ನಿ ಕೈಕೊಟ್ಟು ವರ್ಷ ಕಳೆದಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ನನಗೆ ಅವಳು ಬರಿಯ ಅಕ್ಕನಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಬೈದವಳು, ನನ್ನ ಮದುವೆಯಲ್ಲಿ ಅಮ್ಮನ ಜಾಗದಲ್ಲಿ ನಿಂತವಳು. ಪ್ರವಾಸ ರದ್ದು ಮಾಡಿ ಬರುತ್ತೇನೆಂದು ಫೋನಿನಲ್ಲಿ ಹೇಳಿದಾಗ ಜೋರಾಗಿ ರೇಗಿದಳು.

“ನೀನು ಬಂದು ನನ್ ಮುಖ ನೋಡ್ಕೊಂಡು ಕೂತ್ರೆ ನನ್ ಕಿಡ್ನಿ ಎದ್ದು ಕುಣಿಯತ್ತಾ? ಪಾಪ, ಆ ಮನುಷ್ಯ ರಜ ತಗೊಂಡಿದಾನೆ. ಸುಮ್ನೆ ಹೋಗ್ಬಾ. ಆಮೇಲೆ ಇಲ್ಲಿಗೆ ಬಾ.”

ರಜೆ ಮುಗಿದ ವಾರವೇ ಬೆಂಗಳೂರಿಗೆ ಟಿಕೆಟ್ ಮಾಡಿಸಿದೆ. ಅವಳನ್ನು ಇನ್ನೊಂದು ಸಲ ಕಣ್ತುಂಬ ನೋಡಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಮೊದಲ ನಾಲ್ಕಾರು ದಿನ ಚೆನ್ನಾಗಿಯೇ ಕಳೆದವು. ವ್ಯಾನಿನ ಬಾಗಿಲು ತೆರೆದಿಟ್ಟು ಒಗ್ಗರಣೆ ಹಾಕಿದರೆ ಪಕ್ಕದ ಜರ್ಮನ್ ದಂಪತಿ ಮೂಗರಳಿಸುತ್ತ ಹತ್ತಿರ ಬರುತ್ತಿದ್ದರು. ಇವರಿಗೆ ಮಾತ್ರ ನಡೆಯುವ ಹುಚ್ಚು. ಬಂಡೆಗಳ ಅಂಚಿನಲ್ಲಿ ಊರಿಂದ ಊರಿಗೆ ಬೆಸ್ತರು ತುಳಿದು ಮಾಡಿದ ಕಾಲುದಾರಿಯೊಂದಿದೆ, ಕಡಲ ನಡುವಿನ ಕಲ್ಲುಗಂಬಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ ಎಂದು ಸೊಲಿಹಲ್‌ನಲ್ಲೇ ಓದಿಕೊಂಡು ಬಂದಿದ್ದರು. ಆ ದಾರಿಗೆ ಹೋಗುವ ದಿನವನ್ನು ಮಕ್ಕಳು ಹಬ್ಬಕ್ಕೆ ಕಾಯುವಂತೆ ಕಾದಿದ್ದರು.

ಆ ಬೆಳಿಗ್ಗೆ ನಾನು ಎದ್ದಾಗ ವ್ಯಾನಿನ ಒಲೆಯ ಮುಂದೆ ಇವರು ಬಗ್ಗಿ ನಿಂತಿದ್ದರು. ಮದುವೆಯಾದಾಗಿನಿಂದ ಕಾಫಿ ಬಿಟ್ಟು ಬೇರೇನನ್ನೂ ಮಾಡಿ ಗೊತ್ತಿಲ್ಲದ ಮನುಷ್ಯ ಉಪ್ಪಿಟ್ಟು ಕಲಕುತ್ತಿದ್ದರು. ರವೆ ಹುರಿದಿರಲಿಲ್ಲ. ಸಾಸಿವೆ ಕಪ್ಪಾಗಿತ್ತು. ಒಂದು ತಟ್ಟೆಗೆ ರಾಶಿ ಹಾಕಿ, ಮೇಲೆ ತುಪ್ಪ ಸುರಿದು ನನ್ನ ಮುಂದಿಟ್ಟರು. ತಮಗೆ ತಟ್ಟೆ ಇಟ್ಟುಕೊಳ್ಳಲಿಲ್ಲ.

“ಸೂರ್ಯ ಎಲ್ಲಿ ಹುಟ್ಟಿದ ಇವತ್ತು?” ಎಂದೆ. “ಏನ್ರೀ ಸಮಾಚಾರ?”

“ಏನಿಲ್ಲ ಕಣೇ. ಮೊದ್ಲು ತಿನ್ನು.”

ಇವರ ಕಣ್ಣುಗಳು ಕೆಂಪಾಗಿದ್ದವು. ಸ್ನಾನ ಮಾಡುವಾಗ ಶಾಂಪೂ ಹೋಯಿತು ಎಂದರು. ಇವರ ತಲೆಯಲ್ಲಿ ಶಾಂಪೂ ಹಾಕಿಕೊಳ್ಳುವಷ್ಟು ಕೂದಲು ಇಲ್ಲವಾಗಿ ಎಷ್ಟೋ ಕಾಲವಾಗಿತ್ತು.

ಚಮಚ ಕೈಗೆತ್ತಿಕೊಂಡವಳು ಹಾಗೆಯೇ ಕುಳಿತೆ. ‘ಮೊದಲು ತಿನ್ನು’ ಎಂಬ ಮಾತು ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಸಿದವರಿಗೆ ಹೇಳುವುದಿಲ್ಲ. ಕಿವಿಗೆ ಬಿದ್ದ ಮೇಲೆ ಎದ್ದು ತಲೆಗೆ ನೀರು ಹಾಕಿಕೊಳ್ಳಬೇಕು. ಅಲ್ಲಿ ಸಂಸ್ಕಾರವೆಲ್ಲ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಅದಕ್ಕೇ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಮೊದಲು ಉಣ್ಣಿಸುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ನಾನು ಶಾಲೆಯಿಂದ ಬಂದಾಗ ಅಕ್ಕ ಬಾಗಿಲಲ್ಲೇ ನನ್ನನ್ನು ಹಿಡಿದು ಪಕ್ಕದ ಮನೆಗೆ ಕರೆದೊಯ್ದು, ಮೊಸರನ್ನ ಕಲಸಿ ತುತ್ತು ತುತ್ತಾಗಿ ತಿನ್ನಿಸಿದ್ದಳು. ಅಷ್ಟು ಮುದ್ದು ಮಾಡುತ್ತಿದ್ದಾಳಲ್ಲ ಎಂದು ಹಿಗ್ಗಿ ಇನ್ನಷ್ಟು ಕೇಳಿ ಹಾಕಿಸಿಕೊಂಡಿದ್ದೆ. ಕೈ ತೊಳೆಸಿದ ಮೇಲೆಯೇ ಹೇಳಿದಳು. ಆಗ ಅವಳಿಗೆ ಹದಿನಾರೂ ತುಂಬಿರಲಿಲ್ಲ.

ಚಮಚ ಕೆಳಗಿಟ್ಟೆ.

“ಹೊಟ್ಟೆ ಯಾಕೋ ಸರಿಯಿಲ್ಲ. ಡಬ್ಬಿಗೆ ಹಾಕಿ, ದಾರೀಲಿ ತಿಂತೀನಿ.”

“ನಡಿಯೋದು ಬೇಡ ಕಣೇ ಇವತ್ತು. ಇಲ್ಲೇ ಇರೋಣ. ಸ್ವಲ್ಪ ತಿನ್ನು.”

“ಕೊಕ್ಕರೆ ಕೊಕ್ಕರೆ ಅಂತ ಮೂರು ತಿಂಗಳಿಂದ ನನ್ ತಲೆ ತಿಂದೋರು ಯಾರು?” ಎಂದು ಬೂಟು ಹಾಕಿಕೊಂಡು ಇಳಿದೇ ಬಿಟ್ಟೆ. ಪಾಪ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹಿಂದೆ ಬಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದು ನಮ್ಮ ಸಂಸಾರದಲ್ಲಿ ಹೊಸದಲ್ಲ. ಆದರೆ ಅವತ್ತು ನಾನು ಹಟಕ್ಕೆ ಹೊರಟವಳಲ್ಲ. ನಾನು ತಿನ್ನದಿದ್ದರೆ ಇವರು ಹೇಳುವಂತಿಲ್ಲ. ಇವರು ಹೇಳದಿದ್ದರೆ ಅಕ್ಕ ಇನ್ನೂ ಇದ್ದಾಳೆ. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ದಾರಿ ಪೂರಾ ಮರಳು. ಒಂದು ಹೆಜ್ಜೆ ಇಟ್ಟರೆ ಅರ್ಧ ಹಿಂದಕ್ಕೆ ಜಾರುತ್ತಿತ್ತು. ಎಡಕ್ಕೆ ಅಂಟಂಟು ಎಲೆಯ ಕುರುಚಲು ಗಿಡಗಳು, ಬಲಕ್ಕೆ ನೆಟ್ಟಗೆ ಕಡಿದ ಬಂಡೆ, ಕೆಳಗೆ ಕಡಲು. ನಾನು ಬಾಯಿಗೆ ಬಿಡುವು ಕೊಡಲಿಲ್ಲ. ಜರ್ಮನ್ನರ ಚಪ್ಪಲಿ, ಕೌನ್ಸಿಲ್ ಟ್ಯಾಕ್ಸ್, ಪಕ್ಕದ ಮನೆಯವನ ಬೇಲಿ, ಮಗ ಒಗೆಯದೆ ತರುವ ಬಟ್ಟೆಯ ಗಂಟು. ಎಲ್ಲಿ ಮಾತು ನಿಂತರೆ ಅಲ್ಲಿ ಇವರು ಶುರು ಮಾಡಿಬಿಡುತ್ತಾರೋ ಎಂಬ ಹೆದರಿಕೆ. ಇವರು ಮೊದಲ ತಿರುವಿನಲ್ಲಿ ಡಬ್ಬಿ ತೆಗೆದರು. ಮುಂದಿನ ಬಂಡೆ ಹತ್ತಿ ತಿನ್ನೋಣ ಎಂದೆ. ಅಲ್ಲಿ ಕಿತ್ತಳೆ ಸುಲಿದು ಕೊಟ್ಟರು. ಹುಳಿ ಆಗುವುದಿಲ್ಲ ಎಂದೆ. ಬಿಸ್ಕತ್ತು ಕೊಟ್ಟರು. ಬಾಯಿ ಒಣಗುತ್ತದೆ ಎಂದೆ. ಆಗಾಗ ಮೊಬೈಲನ್ನು ಎತ್ತಿ ಹಿಡಿದು ನೋಡುತ್ತಿದ್ದರು. ಆ ಬಂಡೆಗಳ ಮಗ್ಗುಲಲ್ಲಿ ಸಿಗ್ನಲ್ ಇರಲಿಲ್ಲ. ಅದು ಸಿಗದಿರಲಿ ಎಂದು ನಾನು ದೇವರನ್ನು ಬೇಡುತ್ತಿದ್ದೆ.

ಕೊಕ್ಕರೆಗಳು ಸಿಕ್ಕವು. ಕಡಲ ನಡುವೆ ಒಂಟಿಯಾಗಿ ನಿಂತ ಕಲ್ಲಿನ ನೆತ್ತಿಯಲ್ಲಿ ಕಡ್ಡಿಯ ಗೂಡು, ಅದರಲ್ಲಿ ಎರಡು ಹಕ್ಕಿ. ಇವರು ಕ್ಯಾಮೆರಾ ಹೊರಗೆ ತೆಗೆಯಲೂ ಇಲ್ಲ. ‘ಹ್ಞೂಂ’ ಎಂದು ತಲೆ ತಗ್ಗಿಸಿದರು. ನನಗೆ ಅಲ್ಲಿಯೇ ಕುಸಿದು ಅಳಬೇಕೆನಿಸಿತು. ಅತ್ತರೆ ಒಪ್ಪಿಕೊಂಡಂತೆ. “ಎಷ್ಟ್ ಚೆನ್ನಾಗಿದೆ ಅಲ್ವಾ?” ಎಂದು ಮುಂದೆ ನಡೆದೆ.

ಬಿಸಿಲು ನೆತ್ತಿಗೇರಿತು. ಹಿಂದಿನಿಂದ ಬೂಟಿನ ಸದ್ದು ಕೇಳಿಸದಾದಾಗ ತಿರುಗಿ ನೋಡಿದೆ. ಇವರು ಮರಳಿನಲ್ಲಿ ಕೂತುಬಿಟ್ಟಿದ್ದರು. ಮುಖ ಬೆವತಿತ್ತು, ಬೆರಳುಗಳು ನಡುಗುತ್ತಿದ್ದವು. ಇವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ, ಬೆಳಗಿನಿಂದ ಏನೂ ತಿನ್ನದೆ, ನನ್ನ ಹಿಂದೆ ಅಷ್ಟು ದೂರ ಬಂದಿದ್ದರು. ಓಡಿ ಹೋಗಿ ಕಿತ್ತಳೆಯನ್ನು ಬಾಯಿಗೆ ಹಿಡಿದೆ. ತುಟಿ ಬಿಗಿ ಹಿಡಿದರು.

“ನೀನು ತಿನ್ನು. ನೀನು ತಿಂದ್ರೆ ನಾನು ತಿಂತೀನಿ.”

“ನೀವು ಡಾಕ್ಟ್ರಾ ಏನ್ರೀ? ಬುದ್ಧಿ ಇದೆಯಾ?”

“ನಿನ್ನ ಉಪವಾಸ ಕೂರ್ಸಿ ನಾನ್ ಹೇಗೆ ತಿನ್ಲಿ?”

ಇವರು ಆಸ್ಪತ್ರೆಯಲ್ಲಿ ದಿನ ಬೆಳಗಾದರೆ ಯಾರದೋ ಮಗನಿಗೆ, ಯಾರದೋ ಹೆಂಡತಿಗೆ ಇಂಥ ಸುದ್ದಿ ಹೇಳುವವರು. ಸಣ್ಣ ಕೋಣೆ, ಮೆತ್ತನೆಯ ಕುರ್ಚಿ, ಟಿಶ್ಯೂ ಪೆಟ್ಟಿಗೆ, ನೇರ ಮಾತು. ಹೇಗೆ ಹೇಳಬೇಕೆಂದು ಕಿರಿಯ ಡಾಕ್ಟರುಗಳಿಗೆ ಪಾಠವನ್ನೂ ಮಾಡುತ್ತಾರೆ. ನನ್ನ ಮುಂದೆ ಮಾತ್ರ ತಮ್ಮ ಅಮ್ಮನ ಮಗನಾಗಿ, ಆರಿದ ಉಪ್ಪಿಟ್ಟಿನ ಡಬ್ಬಿ ಹಿಡಿದು ಕೂತಿದ್ದರು.

ಡಬ್ಬಿ ಕಸಿದುಕೊಂಡು ತಿಂದೆ. ಉಪ್ಪು ಜಾಸ್ತಿ, ಗಂಟು ಗಂಟು. ನುಂಗಲಾಗದೆ ನೀರು ಕುಡಿದು ನುಂಗಿದೆ. ಒಂದು ತುತ್ತು ನನಗೆ, ಒಂದು ಇವರ ಬಾಯಿಗೆ. ಕಣ್ಣೀರು ಅದರಲ್ಲೇ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಳ ಕಂಡ ಮೇಲೆ ಕೈ ತೊಳೆದುಕೊಂಡೆ.

“ಅಕ್ಕ ಅಲ್ವಾ?”

ಹೌದೆಂದು ತಲೆಯಾಡಿಸಿದರು. ನಾನು ಇನ್ನೂ ಎದ್ದಿರದಿದ್ದಾಗ ಭಾವ ಫೋನ್ ಮಾಡಿದ್ದರಂತೆ. ಮುಂಜಾವಿನಲ್ಲಿ ನಿದ್ದೆಯಲ್ಲೇ ಎದೆಬಡಿತ ನಿಂತು ಹೋದಳಂತೆ. ನರಳಲಿಲ್ಲವಂತೆ. ಆಮೇಲೆ ಇವರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು.

“ನೀನು ಬರೋವರೆಗೂ ಕಾಯ್ಲಾ ಅಂತ ಭಾವ ಕೇಳಿದ್ರು. ಒಂದಿನ ಇಡಬಹುದು, ಏರ್ಪಾಡು ಮಾಡ್ತೀವಿ, ಅವಳು ಏನಂತಾಳೆ ಕೇಳಿ ಹೇಳಿ ಅಂದ್ರು. ತಿಂಡಿ ತಿಂದ ತಕ್ಷಣ ಕೇಳ್ತೀನಿ, ಅರ್ಧ ಗಂಟೆ ಕೊಡಿ ಅಂದಿದ್ದೆ. ಕಾಯಿರಿ ಅಂತ ನಾನೇ ಹೇಳ್ಬಹುದಿತ್ತು. ಅದು ನಿನ್ ಮಾತು ಕಣೇ, ನಾನ್ ಹೇಗೆ ಹೇಳ್ಲಿ?”

ನಾನು ಎದ್ದು ನಿಂತಿದ್ದೆ. ಅರ್ಧ ಗಂಟೆ ಎಲ್ಲಿ, ನಾವು ನಡೆದ ಹೊತ್ತು ಎಲ್ಲಿ! ಮೈಸೂರಿನಲ್ಲಿ ಆಗಲೇ ಸಂಜೆ. ಸಿಗ್ನಲ್ ಸಿಗುವ ಎತ್ತರಕ್ಕೆ ಮರಳಿನಲ್ಲಿ ಕೈಯೂರಿಕೊಂಡು ಹತ್ತಿದೆ. ಅಷ್ಟು ಹೊತ್ತು ಒಂದೊಂದು ತಿರುವನ್ನೂ ನಿಧಾನ ಮಾಡಿದ ಕಾಲುಗಳು ಆಗ ಓಡಲಾರದೆ ಮುಗ್ಗರಿಸಿದವು. ಮೇಲೆ ಒಂದು ಕಾರ್ ಪಾರ್ಕ್, ಯಾರೋ ಐಸ್ ಕ್ರೀಂ ತಿನ್ನುತ್ತಿದ್ದರು. ಇವರು ಏದುಸಿರು ಬಿಡುತ್ತ ಬಂದು ನಂಬರ್ ಒತ್ತಿ ಕೊಟ್ಟರು.

“ಭಾವ, ನಾನು. ಕಾಯಿರಿ ಭಾವ. ನಾಳೆ ಬರ್ತೀನಿ. ಹೇಗಾದ್ರೂ ಬರ್ತೀನಿ.”

ಆ ಕಡೆಯಿಂದ ಭಾವನ ದನಿ ಬಂತು.

“ಸ್ಮಶಾನದಿಂದ ಬಂದು ಈಗ್ತಾನೆ ಎಲ್ರೂ ಸ್ನಾನ ಮಾಡಿದ್ವಮ್ಮ. ಕತ್ತಲಾಗೋದ್ರೊಳಗೆ ಆಗ್ಬೇಕು ಅಂತ ದೊಡ್ಡೋರು ಹಟ ಹಿಡಿದ್ರು. ಎಷ್ಟ್ ಸಲ ಫೋನ್ ಮಾಡಿದ್ವಿ, ಸಿಗ್ಲೇ ಇಲ್ಲ. ತಂಗಿ ಬರ್ತೀನಿ ಅಂದೇ ಅಂತಾಳೆ, ಇವಳ ಮುಖ ಮುಚ್ಚಬೇಡಿ ಅಂತ ಕೊನೇವರ್ಗೂ ಹೇಳ್ತಾನೇ ಇದ್ದೆ.”

ನಾನು ಏನು ಹೇಳಿದೆನೋ ನೆನಪಿಲ್ಲ. ಹ್ಞೂಂ ಎಂದಿರಬೇಕು. ನೆನಪಿರುವುದು ಇಷ್ಟೇ: ಅಲ್ಲಿ ನನಗಾಗಿ ಅವಳ ಮುಖ ತೆರೆದಿಟ್ಟು ಕಾಯುತ್ತಿದ್ದ ಅಷ್ಟೂ ಹೊತ್ತು, ಇಲ್ಲಿ ಅವಳನ್ನು ಬದುಕಿಸಿಟ್ಟುಕೊಳ್ಳುತ್ತೇನೆಂದು ನಾನು ಹಸಿದುಕೊಂಡು ನಡೆದಿದ್ದೆ.