ಕೋಟೆಯ ಗುಂಡುಕಲ್ಲು

ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ಬಿ.ಎ. ಓದುತ್ತಿದ್ದೆ. ಇತಿಹಾಸವೆಂದರೆ ಹುಚ್ಚು, ಬಾಯಿ ಅದಕ್ಕಿಂತ ದೊಡ್ಡದು. ಗುಂಡ್ಲುಪೇಟೆ ಕಡೆಯ ನಮ್ಮೂರ ಬೆಟ್ಟದ ಮೇಲೆ ಪಾಳೆಯಗಾರರ ಕೋಟೆಯಿದೆ ಎಂದು ಕೊಚ್ಚಿಕೊಂಡು, ಒಂದು ಸೋಮವಾರ ನಮ್ಮ ಇತಿಹಾಸದ ಮೇಷ್ಟ್ರನ್ನು ಕರೆದುಕೊಂಡೇ ಬಂದೆ. ಅಜ್ಜಿ ಬೆಟ್ಟ ಹತ್ತುವುದೂ ಸೋಮವಾರವೇ.

ಕೋಟೆ ಎನ್ನಲು ಅಲ್ಲಿ ಉಳಿದದ್ದೆಷ್ಟು? ಕದವಿಲ್ಲದ ಬಾಗಿಲು, ಲಂಟಾನ ನುಂಗಿದ ಅರ್ಧ ಗೋಡೆ, ಪಾಚಿಗಟ್ಟಿದ ಕೊಳ, ಬಾಯಿಬಿಟ್ಟ ಒಂದು ಬುರುಜು. ಮೇಷ್ಟ್ರು ಗೋಡೆ ಸವರುತ್ತ, ಕೆಳಗಿನ ದಪ್ಪ ಕಲ್ಲುಗಳು ಮೊದಲ ಕಾಲದವು, ಮೇಲಿನ ಇಟ್ಟಿಗೆ ಗಾರೆ ಫಿರಂಗಿ ಬಂದ ಮೇಲಿನ ತೇಪೆ ಎಂದರು. ಹುಟ್ಟಿದಾಗಿನಿಂದ ನೋಡಿದ ಗೋಡೆ. ನನಗೆ ಇದ್ಯಾವುದೂ ಕಂಡಿರಲಿಲ್ಲ.

ಬುರುಜಿನ ಬುಡದಲ್ಲಿ ಅಜ್ಜಿ ಗುಡ್ಡದಯ್ಯನಿಗೆ ನೀರೆರೆದು ವಿಭೂತಿ ಬಳಿಯುತ್ತಿದ್ದಳು. ಗುಡ್ಡದಯ್ಯನೆಂದರೆ ತೆಂಗಿನಕಾಯಿ ಗಾತ್ರದ ಗುಂಡುಕಲ್ಲು. ಅದಕ್ಕೆ ಹರಕೆ ಹೊತ್ತ ಮೇಲೆಯೇ ನಾನು ಹುಟ್ಟಿದ್ದಂತೆ. ಮೇಷ್ಟ್ರು ಬಗ್ಗಿ ನೋಡಿದರು. ಕಲ್ಲಿನ ಒಂದು ಬದಿ ಚಕ್ಕೆ ಎದ್ದಿತ್ತು.

"ಇದು ದೇವರಲ್ಲಮ್ಮ, ಮುತ್ತಿಗೆ ಹಾಕಿದವರು ಹೊಡೆದ ಫಿರಂಗಿಯ ಕಲ್ಲುಗುಂಡು" ಎಂದುಬಿಟ್ಟರು.

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಅಜ್ಜಿಯ ದೇವರನ್ನು ನಾನೇ ಕಳೆದೆ, ಇನ್ನು ಮೇಷ್ಟ್ರಿಗೂ ನನಗೂ ಸೇರಿಸಿ ಬೈಗುಳ ಬೀಳುತ್ತದೆ ಎಂದುಕೊಂಡೆ. ಅಜ್ಜಿ ಬೈಯಲಿಲ್ಲ.

"ಇದು ಬಡ್ದು ಯಾರಾರ ಸತ್ತಿದ್ದಾರ ಮೇಷ್ಟ್ರೆ?" ಎಂದು ಕೇಳಿದಳು.

ಸತ್ತಿರಬಹುದು ಎಂದರು ಅವರು. ಅಜ್ಜಿ ಸೆರಗಿನ ತುದಿಯಿಂದ ವಿಭೂತಿಯನ್ನು ಪೂರ್ತಿ ಒರೆಸಿಬಿಟ್ಟಳು. ಆಮೇಲೆ ಅವಳು ಬೆಟ್ಟ ಹತ್ತಲಿಲ್ಲ. ಸೋಮವಾರ ಬಂದರೆ ಜಗುಲಿಯ ಮೇಲೆ ಸುಮ್ಮನೆ ಕೂರುತ್ತಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಬಡಿಸಿ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ತಾತನಿಗೆ ಕಜ್ಜಾಯ, ಮುತ್ತಜ್ಜಿಗೆ ಎಲೆಅಡಿಕೆ. ಆ ವರ್ಷ ಪಕ್ಕದಲ್ಲಿ ಇನ್ನೊಂದು ಎಲೆ ಇತ್ತು. ಅದರಲ್ಲಿ ಕಜ್ಜಾಯ, ವಡೆ, ಪಾಯಸ. ನಡುವೆ ಬೇಯಿಸಿದ ಕೋಳಿಮೊಟ್ಟೆ. ಹೊಲದ ಕೆಲಸಕ್ಕೆ ಬರುವವಳಿಂದ ಅಜ್ಜಿ ತರಿಸಿದ್ದಳಂತೆ. ಮೊಟ್ಟೆ ಎಂಬ ಮಾತೂ ಹೊಸಿಲು ದಾಟದ, ಲಿಂಗ ಕಟ್ಟಿದವರ ಮನೆ ನಮ್ಮದು. ಅಪ್ಪ ಗಂಧದಕಡ್ಡಿ ಕೆಳಗಿಟ್ಟ. ಇದು ಯಾರ ಎಡೆ ಎಂದು ಕೇಳಿದ.

ಅಜ್ಜಿ ಎಲೆಯ ಸುತ್ತ ನೀರು ಬಿಟ್ಟಳು.

"ಕೋಟೇಲಿ ಸತ್ತೋನ್ಗೆ ಕನಪ್ಪ. ಅವ್ನ ಕೊಂದ ಕಲ್ಗೆ ಐವತ್ತೊರ್ಸ ಕೈ ಮುಗ್ದಿವ್ನಿ. ಏನ್ ತಿಂತಿದ್ನೋ ಗೊತ್ತಿಲ್ಲ, ಎಲ್ಲಾನೂ ಬಡ್ಸಿವ್ನಿ."